ಕಲಘಟಗಿ ಬ್ರ್ಯಾಂಚಿನ ಮುಯ್ಯಾಳು

"ನೀವು ಏನ ಕೆಲಸಾ ಮಾಡತೀರಿ?" ಅಂತ ನಮ್ಮ ಕಡೆ ಯಾರನ್ನರ ಕೇಳಿ ನೋಡ್ರಿ. "ಏನಿಲ್ರಿ, ಹಿಂಗ ನಡದೈತಿ" ಅಂತಾರ. ಹೊಲದ ತುಂಬ ಹತ್ತಿ ಬೆಳದು ಮಾರಿಬಂದಾಂವನೂ ಹಂಗ ಅಂತಾನ, ಸಾಲಿ ಹೆಡ್ ಮಾಸ್ತರನೂ ಹಂಗ ಅಂತಾನ. ತನ್ನ ಕೆಲಸಾ ತಾನ ಹೇಳಿಕೊಂಡ್ರ ತನ್ನ ಬೆನ್ನ ತಾನ ತಟ್ಟಿಕೊಂಡಂಗ ಅಂತ ನಮ್ಮ ಮಂದಿ ತಲ್ಯಾಗ ಕುಂತುಬಿಟ್ಟೈತಿ. ನನ್ನ ತಲ್ಯಾಗೂ ಕುಂತೈತಿ. ಅಣ್ಣಿಗೇರಿಯಾಕಿ ನಾನು, ಎಲ್ಲಿ ಹೋಗಬೇಕು ಅದು? ಇಂಥಾ ಮಂದಿ ಬಾಯಿಲೆ ಅವರವರ ಕೆಲಸಾ ಹೇಳಿಸಿ, ಅದಕ್ಕ ಅಂಕ ಹಚ್ಚಿ, ಯಾರು ಯಾವ ದರ್ಜೆ ಅಂತ ಗೊತ್ತು ಮಾಡೂ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು.

ನಮ್ಮದು ಸಹಕಾರಿ ಬ್ಯಾಂಕು. ಹಳ್ಳಿಹಳ್ಳಿ ಸೊಸಾಯಿಟಿಗಳಿಗೆಲ್ಲಾ ಇದು ತಾಯಿ ಇದ್ದಂಗ. ಅವು ರೈತರಿಗೆ ಸಾಲಾ ಕೊಡತಾವ, ನಾವು ಅವಕ್ಕ ಕೊಡತೇವಿ. ಅದಕ್ಕ ಮಂದಿ ಇದನ್ನ ಸೆಂಟ್ರಲ್ ಬ್ಯಾಂಕು ಅಂತ ಕರೀತಾರ. ನಾನು ಹೆಡ್ಡಾಫೀಸಿನ ಸಿಬ್ಬಂದಿ ವಿಭಾಗದಾಕಿ. ಯಾರ ರಜಾ, ಯಾರ ಬಡ್ತಿ, ಯಾರ ವರ್ಗ, ಯಾರ ಸಿಟ್ಟು, ಎಲ್ಲಾ ನನ್ನ ಟೇಬಲ್ಲಿಗೇ ಬರತಿದ್ದವು. ಸಿಟ್ಟಿಗೆ ಸಿಟ್ಟು ನನ್ನ ಹತ್ರನೂ ಇತ್ತು, ಹಂಗಾಗಿ ನಡೀತಿತ್ತು.

ನಮ್ಮ ಹುದ್ದೆಗಳ ಹೆಸರು ಕೇಳಿದ್ರ ನಗಬೇಕೋ ಅಳಬೇಕೋ ತಿಳೀತಿರಲಿಲ್ಲ. ಟೈಪ್ ಮಶೀನು ಗುಜರಿಗೆ ಹೋಗಿ ಎಷ್ಟೋ ಕಾಲ ಆಗಿತ್ತು, ಟೈಪಿಸ್ಟ್ ಇನ್ನೂ ಟೈಪಿಸ್ಟ್ ಆಗೇ ಇದ್ದ. ಕುಂದಗೋಳದಾಗ ಒಬ್ಬ ಡ್ರೈವರ್ ಇದ್ದ. ಜೀಪು ಮಾರಿಬಿಟ್ಟಿದ್ರು, ಡ್ರೈವರನ್ನ ಮಾರಾಕ ಬರತೈತೇನು? ಒಂದ ಕೆಲಸಾ ಮಾಡೂ ಇಬ್ಬರಿಗೆ ಎರಡು ಪಗಾರ, ಎರಡು ಹೆಸರು. ಮತ್ತ ವರ್ಷಾನುಗಟ್ಟಲೆ ದಿನಗೂಲಿ ಮ್ಯಾಲೆ ದುಡಿಯೂ ಮಂದಿಗಂತೂ ಹೆಸರೂ ಇಲ್ಲ, ದರ್ಜೆಯೂ ಇಲ್ಲ. ಇದನ್ನೆಲ್ಲಾ ಒಂದು ಸಾಲಿಗೆ ತರಬೇಕು ಅಂತ ಆಡಳಿತ ಮಂಡಳಿ ಠರಾವು ಮಾಡ್ತು. ಐದು ದರ್ಜೆ. ದಿನಗೂಲಿಯವರೊಳಗ ಯಾರ ಕೆಲಸಾ ನಾಲ್ಕನೇ ದರ್ಜೆಗೋ ಅದರಕಿಂತ ಮ್ಯಾಲೋ ಬರತೈತಿ ಅವರು ಕಾಯಂ. ಐದನೇದಕ್ಕ ಬಿದ್ದವರನ್ನ ಹುಬ್ಬಳ್ಳಿಯ ಒಂದು ಏಜೆನ್ಸಿಗೆ ಒಪ್ಪಿಸಿಬಿಡೂದು. ಇನ್ನ ಯಾವ ಹುದ್ದೇಕ ಕೆಲಸಾನ ಇಲ್ಲಂತ ಕಾಣತೈತಿ, ಅದು ಹೆಚ್ಚುವರಿ. ಆ ಹುದ್ದೆಯವರು ಎಲ್ಲಿ ಕಳಿಸಿದ್ರ ಅಲ್ಲಿ ಹೋಗಬೇಕು, ಇಲ್ಲಾ ಮುಂಚಿತವಾಗಿ ನಿವೃತ್ತಿ ತಗೋಬೇಕು.

ಇದನ್ನ ಹೇಳಿಕೊಡಾಕ ಮುಂಬೈಯಿಂದ ಒಬ್ಬ ಹಿರಿಯರು ಬಂದ್ರು. ಇಡೀ ದೇಶದ ಬ್ಯಾಂಕುಗಳಿಗೆಲ್ಲಾ ದೊಡ್ಡಣ್ಣ ಆಗಿರೂ ಬ್ಯಾಂಕಿನ್ಯಾಗ ನೌಕರಿ ಮಾಡಿ ನಿವೃತ್ತರಾದವರು. ಅಲ್ಲೆ ಅವರ ಹರೇದ ಕಾಲದಾಗ ಇಂಥಾದ ವರ್ಗೀಕರಣ ನಡದಾಗ ಅದರೊಳಗ ಕೈಯಾಡಿಸಿದ್ರಂತ. ಮೂಲ ಕುಂದಗೋಳ ಕಡೆ ಮನಿತನ, ಅಜ್ಜನ ಕಾಲಕ್ಕ ಮುಂಬೈ ಸೇರಿದವರು. ಮಾತಿನ್ಯಾಗ ಅರ್ಧ ಮರಾಠಿ. ನಾನು "ಸರ್" ಅಂತಿದ್ದೆ, ಅವರು ನನಗ "ಬಾಯಾರ" ಅಂತಿದ್ರು. ಬಂದ ದಿವಸನ ಅಂದ್ರು: "ಬಾಯಾರ, ಒಂದ ಮಾತು ಲಕ್ಷ್ಯದಾಗ ಇಡ್ರಿ. ನಾವು ಮನಿಷ್ಯಾನ್ನ ನೋಡಂಗಿಲ್ಲ. ಕೆಲಸಾ ನೋಡಬೇಕು. ಮನಿಷ್ಯಾನ್ನ ನೋಡಿದ್ರ ಕರುಣಾ ಬರತದ, ಕರುಣಾ ಬಂದ್ರ ಲೆಕ್ಕ ತಪ್ಪತದ." ಎಷ್ಟು ಕಠೋರ ಮನಿಷ್ಯಾ ಅಂತ ನನಗ ಅನಿಸ್ತು. ಅಲ್ಲ ಅಂತ ತಿಳಿಯಾಕ ಭಾಳ ದಿವಸ ಹಿಡೀಲಿಲ್ಲ. ಬಸ್ಸಿನ್ಯಾಗ ಯಾವ ಮುದುಕಿ ಹತ್ತಿದ್ರೂ ಮೊದಲು ಎದ್ದು ನಿಲ್ಲಾವರು ಅವರ.

ಅವರ ಪದ್ಧತಿ ಸರಳ. ಬ್ರ್ಯಾಂಚಿಗೆ ಹೋಗೂದು, ಒಬ್ಬೊಬ್ಬರನ್ನ ಕೂಡಿಸಿ ಮುಂಜಾನೆಯಿಂದ ಸಂಜೀತನಾ ಏನೇನು ಮಾಡತೀರಿ ಅಂತ ಕೇಳೂದು. ತಿಳುವಳಿಕಿ, ಜವಾಬ್ದಾರಿ, ಮೈದುಡಿಮಿ, ಮಂದಿ ಜೋಡಿ ವ್ಯವಹಾರ, ಈ ನಾಲ್ಕಕ್ಕೂ ಅಂಕ ಹಚ್ಚೂದು. ಕಡೀಕ ಬ್ರ್ಯಾಂಚಿನ ಎಲ್ಲಾರ ಮುಂದ ಅದನ್ನ ಓದಿ ಹೇಳೂದು, "ಇದು ಖರೇ ಏನು?" ಅಂತ ಆ ಮನಿಷ್ಯಾನ್ನ ಕೇಳೂದು. ಖರೇ ಅಂದ್ರ ಮುಗೀತು, ಅದನ್ನ ಬದಲು ಮಾಡಾಕ ದೇವರಿಗೂ ಬರಂಗಿಲ್ಲ ಅಂತಿದ್ರು.

ಮೊದಲು ನವಲಗುಂದಕ್ಕ ಹೋದ್ವಿ. "ಏನಿಲ್ರಿ ಸಾಹೇಬ್ರ, ಸುಮ್ನ ಕುಂತಿರತೇನ್ರಿ" ಅಂದ ಒಬ್ಬ. ಅವನ ಮುಂದ ನಿಂತ ಮಂದಿ ಸಾಲು ಬಾಗಲಾ ದಾಟಿ ರಸ್ತೇಕ ಬಂದಿತ್ತು! ಇನ್ನೊಬ್ಬಾಕಿ "ಮ್ಯಾನೇಜರ್ ಸಾಹೇಬ್ರು ಹೇಳಿದಂಗ ಮಾಡತೇನ್ರಿ" ಅಂದ್ಲು. ಮ್ಯಾನೇಜರನ್ನ ಕೇಳಿದ್ರ "ನಂದೇನೈತ್ರಿ, ಎಲ್ಲಾ ಅವರ ಮಾಡತಾರ" ಅಂದ. ಹಾಡಿದ್ದ ಹಾಡೋ ಕಿಸಬಾಯಿ ದಾಸ ಅಂದಂಗ ಮುಂಜಾನೆಯಿಂದ ಸಂಜೀತನಾ ಇದ ರಾಗ. ಸರ್ ಬರಕೊಂಡು ಬರಕೊಂಡು ಕಡೀಕ ಕನ್ನಡಕ ತಗದು ಕಣ್ಣು ತಿಕ್ಕಿಕೊಂಡ್ರು. "ಬಾಯಾರ, ಈ ಬ್ರ್ಯಾಂಚಿನ್ಯಾಗ ಯಾರೂ ಏನೂ ಮಾಡಂಗಿಲ್ಲಂತ. ಮತ್ತ ಇದು ನಡೀತದ ಹೆಂಗ?" ಅಂದ್ರು. ನನಗ ನಗಿ ತಡೀಲಿಲ್ಲ. "ಸರ್, ಇವರದು ಇವರನ್ನ ಕೇಳಬ್ಯಾಡ್ರಿ. ಬಾಜು ಕುಂತವರನ್ನ ಕೇಳ್ರಿ" ಅಂದೆ. ಕನ್ಯಾ ನೋಡಾಕ ಹೋದಾಗ ಹುಡುಗಿ ಗುಣಾ ಹುಡುಗಿ ಹೇಳತಾಳೇನು? ಬಾಜು ಮನಿಯಾಕಿ ಹೇಳಬೇಕು.

ಆ ಉಪಾಯ ಕೂಡಿಬಂತು. ಕುಂದಗೋಳದ ಡ್ರೈವರನ್ನ ಕೇಳಿದ್ರ "ಜೀಪ ಬಂದ್ರ ನಡಸತೇನ್ರಿ" ಅಂದ. ಬಾಜುದಾಂವ ಹೇಳಿದ: ಓದಾಕ ಬರದವರಿಗೆ ಚೀಟಿ ತುಂಬಿ ಕೊಡಾಂವ ಇಂವ, ಕರೆಂಟ್ ಹೋದ್ರ ಬ್ಯಾಟರಿ ನೋಡಾಂವ ಇಂವ, ಸಾಲಾ ಸಿಗದ ರೈತ ಸಿಟ್ಟಿಗೆದ್ದು ಬಂದ್ರ ಹೆಗಲ ಮ್ಯಾಲೆ ಕೈಹಾಕಿ ಹೊರಗ ಕರಕೊಂಡು ಹೋಗಿ ಚಾ ಕುಡಿಸಾಂವ ಇಂವ. ಅದನ್ನ ಕೇಳಿ ಡ್ರೈವರಗ ಕಣ್ಣಾಗ ನೀರು. ತನ್ನ ಬಗ್ಗೆ ಬಾಜುದಾಂವ ಇಷ್ಟು ನೋಡಿದ್ದಾನ ಅಂತ ಅವಗ ಗೊತ್ತ ಇರಲಿಲ್ಲ. ಸರ್ ಅವಗ ಮೂರನೇ ದರ್ಜೆ ಹಚ್ಚಿದ್ರು. ಅವತ್ತು ವಾಪಸ್ ಬರುವಾಗ ಬಸ್ಸಿನ್ಯಾಗ ನಾವಿಬ್ಬರೂ ಅಗದಿ ಖುಷಿಯಾಗಿದ್ವಿ.

ಆಮ್ಯಾಲೆ ಕಲಘಟಗಿ.

ಬಸ್ ಸ್ಟ್ಯಾಂಡಿನಿಂದ ಸಮೀಪನ ಬ್ರ್ಯಾಂಚು, ಕೆಳಗ ಗೊಬ್ಬರದ ಅಂಗಡಿ, ಮ್ಯಾಲೆ ನಾವು. ಮಳಿ ಹಿಡದಿತ್ತು. ಬೆಳೆಸಾಲದ ಹಂಗಾಮು, ಪಾವಟಿಗಿ ಮ್ಯಾಲೆಲ್ಲಾ ಛತ್ರಿ, ಕೆಸರಿನ ಚಪ್ಪಲಿ. ಸಾಲದ ಟೇಬಲ್ಲಿಗೆ ಒಂದು ಖುರ್ಚಿ, ಅದರ ಬಾಜೂಕ ಒಂದು ಸ್ಟೂಲು. ಖುರ್ಚಿ ಮ್ಯಾಲೆ ಗುಮಾಸ್ತರು. ನಿವೃತ್ತಿಗೆ ಹತ್ತಿರ ಬಂದ ವಯಸ್ಸು, ಹಣಿ ಮ್ಯಾಲೆ ವಿಭೂತಿ, ಮ್ಯಾನೇಜರ್ ಹಿಡದು ಎಲ್ಲಾರೂ ಅವರಿಗೆ ಕಾಕಾ ಅಂತಿದ್ರು. ಸ್ಟೂಲಿನ ಮ್ಯಾಲೆ ಒಬ್ಬ ಹೆಣ್ಣಮಗಳು. ಬಮ್ಮಿಗಟ್ಟಿಯಿಂದ ದಿನಾ ಬಸ್ಸಿಗೆ ಬರಾಕಿ. ಗಂಡ ತೀರಿಕೊಂಡ ಮ್ಯಾಲೆ ಕಸಾ ಹೊಡಿಯೂದು, ನೀರು ತುಂಬೂದು, ಚಾ ತರೂದು ಅಂತ ದಿನಗೂಲಿ ಮ್ಯಾಲೆ ಸೇರಿಕೊಂಡಾಕಿ. ಆದ್ರ ಕಂಪ್ಯೂಟರಿನ ಕೀಲಿಮಣಿ ಇದ್ದದ್ದು ಆಕಿ ಮುಂದ.

ನಾನು ಒಂದು ಮೂಲ್ಯಾಗ ಕುಂತು ನೋಡಿದೆ. ರೈತ ಒಬ್ಬಾಂವ ಬಂದು ನಿಂತ ಕೂಡ್ಲೆ ಕಾಕಾ ಸುರು ಮಾಡತಿದ್ರು: "ತಂಗಿ, ಇವರದು ಮ್ಯಾಲಿನ ಓಣಿ. ಅಣ್ಣ ತಮ್ಮ ಬ್ಯಾರೆ ಆಗ್ಯಾರ, ಪಹಣಿ ಇನ್ನೂ ಕೂಡೇ ಐತಿ. ಅಣ್ಣನ ಒಪ್ಪಿಗಿ ಬೇಕು. ಹೋದ ವರ್ಷ ಗೋವಿನಜೋಳ ಹಾಕಿದ್ರು, ಈ ಸಲ ಭತ್ತ ಅಂತ ಹಾಕು." ಆಕಿ ಬೆರಳು ಪಟಪಟ ಓಡತಿದ್ದವು. ನಡುವ ಆಕೀನ ಅಂತಿದ್ಲು: "ಕಾಕಾ, ಇಲ್ಲೆ ಹಳೇ ಬಾಕಿ ತೋರಸಾಕತ್ತೈತಿ. ಒಪ್ಪಂಗಿಲ್ಲ ಇದು." "ಹೌದಲ್ಲಾ, ಛಲೋ ನೋಡಿದಿ." ಹಿಂಗ ಮುಂಜಾನೆಯೆಲ್ಲಾ. ಕಾಕಾರ ಎರಡೂ ಕೈ ಟೇಬಲ್ಲಿನ ಕೆಳಗ, ಮೊಣಕಾಲಿನ ನಡುವ. ಚಾ ಬಂದಾಗ ನೋಡಿದೆ. ಎಲ್ಲಾರಿಗೂ ಗ್ಲಾಸಿನ ತುಂಬ ಹಾಕಿದಾಕಿ ಕಾಕಾರಿಗೆ ಅರ್ಧಕ್ಕಿಂತ ಕಮ್ಮಿ ಹಾಕಿದ್ಲು. ಅವರು ಗೋಡಿ ಕಡೆ ಹೊಳ್ಳಿ, ಎರಡೂ ಕೈಲೆ ಗ್ಲಾಸ್ ಹಿಡದು ಕುಡದ್ರು. ಆದ್ರೂ ಧೋತರದ ಮ್ಯಾಲೆ ನಾಕ ಹನಿ ಬಿತ್ತು.

ಯಾರೂ ನೋಡಲಿಲ್ಲ. ಅಂದ್ರ ಎಲ್ಲಾರೂ ನೋಡಿದ್ರು, ಮಾರಿ ಹೊಳ್ಳಿಸಿದ್ರು.

ಮಧ್ಯಾಹ್ನ ಸರ್ ಕೇಳಾಕ ಕುಂತ್ರು. ಆಕಿ ಬಂದು ನಿಂತ್ಲು, ಕೂಡು ಅಂದ್ರೂ ಕೂಡಲಿಲ್ಲ. "ಕಸಾ ಹೊಡೀತೇನ್ರಿ, ನೀರ ತುಂಬತೇನ್ರಿ, ಚಾ ತರತೇನ್ರಿ. ಮುಗೀತ್ರಿ." "ಕಂಪ್ಯೂಟರ್?" "ಅದು ಒಮ್ಮೊಮ್ಮೆ ಧೂಳ ಒರಸತೇನ್ರಿ." ನನ್ನ ಮೈ ಉರೀತು. ಸರಿ, ಬಾಜುದವರನ್ನ ಕೇಳೂಣು ಅಂತ ಕೇಳಿದ್ರ, ಮ್ಯಾನೇಜರನೂ ಕಸಾ-ನೀರು ಅಂದ, ಕ್ಯಾಶಿಯರನೂ ಕಸಾ-ನೀರು ಅಂದ. ಅಲ್ಲೀತನಾ ಎಲ್ಲಾ ಬ್ರ್ಯಾಂಚಿನ್ಯಾಗೂ ನಡದಿದ್ದ ನನ್ನ ಬಾಜು ಖುರ್ಚಿ ಉಪಾಯ ಇಲ್ಲಿ ಮಕಾಡೆ ಬಿತ್ತು. ಇಡೀ ಬ್ರ್ಯಾಂಚು ಕೂಡಿ ಸುಳ್ಳು ಹೇಳಾಕತ್ತಿತ್ತು. ಕಾಕಾರನ್ನ ಕೇಳಿದಾಗ ಅವರು ತಲಿ ಕೆಳಗ ಹಾಕಿ ಅಂದ್ರು: "ಸಾಲದ ಕಾಗದಾ ಎಲ್ಲಾ ನಾನ ನೋಡತೇನ್ರಿ."

ನಾನು ಆಕೀನ್ನ ಹಿಂದ ನೀರಿನ ಟಾಕಿ ಹತ್ರ ಕರಕೊಂಡು ಹೋದೆ. "ಹುಚ್ಚಿ ಅದಿಯೇನ ಬೇ ನೀ? ಕಸಾ-ನೀರು ಅಂತ ಬರಸಿದ್ರ ಐದನೇ ದರ್ಜೆ. ಐದನೇ ದರ್ಜೆ ಅಂದ್ರ ಏಜೆನ್ಸಿ. ಇವತ್ತು ಹುಬ್ಬಳ್ಳಿ ಅಂತಾರ, ನಾಳೆ ಅಳ್ನಾವರ ಅಂತಾರ, ನಾಡದು ಮನಿಗೆ ಹೋಗು ಅಂತಾರ. ಮಗಳು ಕಾಲೇಜಿಗೆ ಹೊಂಟಾಳ ಅಂತಿ. ನಾಲ್ಕನೇದಕ್ಕ ಬಂದ್ರ ಸಾಕು, ಕಾಯಂ ಆಗತೀ. ನೀ ಮಾಡೂ ಕೆಲಸಾ ಮೂರನೇದು, ಗುಮಾಸ್ತಿಕಿ! ಬಾಯಿಗೆ ಏನು ಬೀಗಾ ಬಿದ್ದೈತಿ?"

ಆಕಿ ನಳಾ ಬಂದ್ ಮಾಡಿದ್ಲು. "ಮೇಡಂ, ನಾ ಮಾಡತೇನಿ ಅಂದ್ರ ಕಾಕಾರ ಏನ ಮಾಡತಾರ ಅಂತ ಕೇಳತಾರಲ್ರಿ."

ಕೇಳತಾರ. ಅದು ನನಗೂ ಗೊತ್ತಿತ್ತು. ಕೆಲಸಾ ಆಕೀದಂತ ಆದ್ರ ಕಾಕಾರ ಹುದ್ದೆ ಖಾಲಿ, ಹೆಚ್ಚುವರಿ. ಆದ್ರೂ ಬಿಡಲಿಲ್ಲ ನಾನು. "ಅವರಿಗೆ ಪಗಾರ ಐತಿ, ನಾಳೆ ನಿವೃತ್ತಿ ಐತಿ. ನಿನಗೇನೈತಿ?" ಅಂದೆ.

ಆಗ ಹೇಳಿದ್ಲು. ಆಕಿ ಕೆಲಸಕ್ಕ ಸೇರಿದಾಗ ಮಗಳು ಮೊಲಿ ಕುಡಿಯೂ ಕೂಸು. ಬಮ್ಮಿಗಟ್ಟಿಯಿಂದ ಮೊದಲನೇ ಬಸ್ಸು ಬರೂದ ತಡಾ. ಆಗಿನ ಮ್ಯಾನೇಜರ್ ಭಾಳ ಕಟ್ಟುನಿಟ್ಟು. ತಾನು ಬರೂದ್ರೊಳಗ ಕಸಾ ಆಗಿರಬೇಕು, ಕೊಡಾ ತುಂಬಿರಬೇಕು, ಇಲ್ಲಂದ್ರ ನಾಳೆಯಿಂದ ಬ್ಯಾಡ ಅಂದಿದ್ನಂತ. ಮರುದಿವಸ ಆಕಿ ಓಡಿಕೋತ ಬಂದು ನೋಡಿದ್ರ ಕಸಾ ಆಗೇತಿ, ನೀರು ತುಂಬೇತಿ. ಅದರ ಮರುದಿವಸನೂ ಹಂಗ. ಒಂದಿನ ಮಳಿಗೆ ಹೆದರಿ ಕಲಘಟಗ್ಯಾಗ ಅಕ್ಕನ ಮನ್ಯಾಗ ಉಳಕೊಂಡಾಕಿ ಹೊತ್ತಿಗಿಂತ ಮೊದಲು ಬಂದು ಬಾಗಲಾ ಸಂದಿಯಿಂದ ನೋಡಿದ್ಲಂತ. ಊರಾಗ ನಾಕ ಮಂದಿ ಎದ್ದು ನಮಸ್ಕಾರ ಮಾಡೂ ಗುಮಾಸ್ತರು, ಧೋತರಾ ಮ್ಯಾಲೆ ಕಟ್ಟಿ, ಒಳಗಿಂದ ಅಗಳಿ ಹಾಕ್ಕೊಂಡು ಕಸಾ ಹೊಡ್ಯಾಕತ್ತಿದ್ರು. ಕೂಸು ಅಂಗನವಾಡಿಗೆ ಹೋಗೂತನಾ ಹಂಗ ಮಾಡಿದ್ರು. ಒಂದು ದಿವಸನೂ ಬಾಯಿ ಬಿಟ್ಟು ಹೇಳಲಿಲ್ಲ.

"ಈಗ ಅವರ ಕೈ ನಡಗತಾವ್ರಿ. ಮುಯ್ಯಿ ತೀರಸಾಕತ್ತೇನ್ರಿ ಅಷ್ಟ. ಮುಯ್ಯಾಳಿಗೆ ಹೋದಾಕಿ, ಈ ಹೊಲಾ ನಂದು ಅಂತ ಹೇಳಾಕ ಬರತೈತೇನ್ರಿ?"

ಮುಯ್ಯಾಳು ಅಂದ್ರ ನಮ್ಮ ಕಡೆ ಹೊಲದ ರಿವಾಜು. ಇವತ್ತು ನಿಮ್ಮ ಹೊಲಕ್ಕ ನಾವು ಕಳೇ ತಗ್ಯಾಕ ಬರತೇವಿ, ನಾಳೆ ನಮ್ಮ ಹೊಲಕ್ಕ ನೀವು ಬರತೀರಿ. ಕೂಲಿ ಇಲ್ಲ, ಕಾಗದಾ ಇಲ್ಲ. ಬಂದವರಿಗೆ ರೊಟ್ಟಿ ಕೊಡಬೇಕು, ಬರೂ ದಿವಸ ಮರೀಬಾರದು. ನಾನೂ ಸಣ್ಣಾಕಿದ್ದಾಗ ಅವ್ವನ ಜೋಡಿ ಹೋಗೇನಿ. ಅದನ್ನ ತಂದು ಬ್ಯಾಂಕಿನ ಟೇಬಲ್ಲಿನ ಮ್ಯಾಲೆ ಇಡತಾರ ಅಂತ ಯಾರಿಗೆ ಗೊತ್ತಿತ್ತು! ನಾನು ಆಕಿಗೆ ಬೈಯಾಕ ಹೋದಾಕಿ, "ಏಜೆನ್ಸಿಗೆ ಹಾಕಿದ್ರ?" ಅಂತಷ್ಟ ಕೇಳಿದೆ. "ಹಾಕಿದ್ರ ಹಾಕಲ್ಯಾಕ" ಅಂದಾಕಿ ಮಾತು ಮುಗಿಸೂದ್ರೊಳಗ ಸೆರಗು ಮಾರಿಗೆ ಹಿಡದ್ಲು. ಹೆದರಿಕಿ ಇತ್ತು ಆಕಿಗೆ. ಭಾಳ ಇತ್ತು. ನಾನು ಆಕಿ ಹೆಗಲ ಹಿಡದು ಹಂಗ ನಿಂತೆ.

ಅವತ್ತು ಖಾನಾವಳ್ಯಾಗ ರೊಟ್ಟಿ ಮುಂದ ಇಟಗೊಂಡು ಸರ್‌ಗೆ ಎಲ್ಲಾ ಹೇಳಿದೆ. ಮುರದ ರೊಟ್ಟಿ ಅವರ ಕೈಯಾಗ ಉಳೀತು. "ಬಾಯಾರ, ಮುಂಬೈದಾಗ ನಾವು ಇದನ್ನ ಮಾಡಿದಾಗ ಒಬ್ಬೊಬ್ಬರಿಗೆ ಒಂದೊಂದು ಮೇಜು ಇತ್ತು. ಮೇಜು ನೋಡಿದ್ರ ಕೆಲಸಾ ಗೊತ್ತಾಗ್ತಿತ್ತು. ಇಲ್ಲೆ ಒಂದ ಮೇಜಿಗೆ ಎರಡು ಜೀವ ಕೂತಾವಲ್ರಿ. ಹೇಳಾವರು ಅವರು, ಮಾಡಾಕಿ ಆಕಿ. ಯಾರ ಕೆಲಸಾ ಅಂತ ಬರೀಲಿ?"

"ಮನಿಷ್ಯಾನ್ನ ನೋಡಬ್ಯಾಡ್ರಿ ಅಂದವರು ನೀವ" ಅಂದೆ. ಸಿಟ್ಟಿನ್ಯಾಗ ಅಂದೆ; ಯಾರ ಮ್ಯಾಲಿನ ಸಿಟ್ಟು ಅಂತ ನನಗೂ ಗೊತ್ತಿರಲಿಲ್ಲ.

"ಅಂದೇನಿ" ಅಂದ್ರು. ಆಮ್ಯಾಲೆ ಊಟ ಮಾಡಲಿಲ್ಲ. ಅತ್ತ ದರಿ ಇತ್ತ ಪುಲಿ. ಆಕೀದು ಖರೇ ಬರದ್ರ ಕಾಕಾ ಹೋಗತಾರ; ಕಾಕಾರದು ಬರದ್ರ ಆಕಿ ಹೋಗತಾಳ. ಸುಮ್ನ ಕುಂತ್ರ ಆಕೀನ ಹೋಗೂದು.

ಮರುದಿವಸ ವ್ಯವಹಾರದ ಹೊತ್ತು ಮುಗದ ಮ್ಯಾಲೆ ಎಲ್ಲಾರನ್ನೂ ಕೂಡಿಸಿ ಓದಾಕ ಸುರು ಮಾಡಿದ್ರು. ಮ್ಯಾನೇಜರದಾತು, ಕ್ಯಾಶಿಯರದಾತು. ಆಕೀದು ಬಂತು. "ಕಸ, ನೀರು, ಚಹಾ. ಐದನೇ ದರ್ಜೆ. ಇದು ಖರೇ ಏನವಾ?"

"ಖರೇರಿ" ಅಂದ್ಲು ಆಕಿ, ಬಾಗಲಾ ಹತ್ರ ನಿಂತು.

ನನಗ ತಡೀಲಿಲ್ಲ. ಎದ್ದು ನಿಂತೆ. "ಸರ್, ಐದನೇ ದರ್ಜೆಗೆ ಬಿದ್ದ ದಿನಗೂಲಿಯವರದು ಮುಂದ ಏನಾಗತೈತಿ ಅಂತ ಎಲ್ಲಾರ ಮುಂದ ಒಮ್ಮೆ ಹೇಳ್ರಿ. ಗೊತ್ತಿಲ್ಲದವರಿಗೂ ಗೊತ್ತಾಗ್ಲಿ." ಸರ್ ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು. ತಿಳೀತು ಅವರಿಗೆ. ಮೆಲ್ಲಕ, ಒಂದೊಂದ ಮಾತು ಬಿಡಿಸಿ ಹೇಳಿದ್ರು: ಏಜೆನ್ಸಿ, ಎಲ್ಲಿಗೆ ಬೇಕಾದಲ್ಲಿಗೆ ಕಳಿಸೂದು, ಬ್ಯಾಂಕಿಗೂ ಅವರಿಗೂ ಸಂಬಂಧ ಇಲ್ಲ.

ಕಾಕಾ ತಲಿ ಎತ್ತಿದ್ರು. "ಯಾರು? ಈಕೀನ್ನ?"

"ಕಾಕಾರ, ನೀವು ಸುಮ್ನ ಇರ್ರಿ, ನಾವು ಹೆಂಗರ ಹೊಂದಸತೇವಿ" ಅಂದ ಮ್ಯಾನೇಜರ್. ಪಾಪ, ಅಂವ ಇನ್ನೂ ಸಣ್ಣ ವಯಸ್ಸಿನಾಂವ, ಎಲ್ಲಾರನ್ನೂ ಉಳಿಸಬೇಕು ಅನ್ನೂದು ಅವನ ಆಸೆ.

"ಏನ ಹೊಂದಸತೀಯೋ ತಮ್ಮಾ" ಅಂದ್ರು ಕಾಕಾ. ಟೇಬಲ್ಲಿನ ಕೆಳಗಿಂದ ಎರಡೂ ಕೈ ತಗದು ಎಲ್ಲಾರ ಮುಂದ ಟೇಬಲ್ಲಿನ ಮ್ಯಾಲೆ ಇಟ್ರು. ಬೆರಳು ಕಟ್ಟಿಗಿಗೆ ಬಡದು ಟಕಟಕ ಅನ್ನಾಕತ್ತಿದ್ವು. ನಿಲ್ಲಸಾಕ ನೋಡಿದ್ರು, ನಿಲ್ಲಲಿಲ್ಲ. "ನೋಡ್ರಿ ಸಾಹೇಬ್ರ. ಈ ಕೈಲೆ ನಾನು ನನ್ನ ಹೆಸರೂ ನೆಟ್ಟಗ ಬರಿಯಂಗಿಲ್ಲ. ಸಾಲದ ಕಾಗದಾ ಒಂದೂ ನಾ ಮಾಡಿಲ್ಲ. ಎಲ್ಲಾ ಆಕೀ ಮಾಡ್ಯಾಳ."

"ಕಾಕಾ, ಸುಮ್ನ ಕುಂದರ್ರಿ!" ಆಕಿ ಚೀರಿದ್ಲು. ಅಷ್ಟು ದೊಡ್ಡ ದನಿ ಆಕಿ ಹತ್ರ ಐತಿ ಅಂತ ಅಲ್ಲೆ ಯಾರಿಗೂ ಗೊತ್ತಿರಲಿಲ್ಲ. "ಇವರು ಹೇಳಿದ್ದ ಕೇಳಬ್ಯಾಡ್ರಿ ಸಾಹೇಬ್ರ. ಹೇಳಿಕೊಡಾವರು ಇವರು. ಇವರು ಇಲ್ಲಂದ್ರ ನನಗ ಆ ಕಾಗದದಾಗ ಒಂದಕ್ಷರನೂ ತಿಳಿಯಂಗಿಲ್ಲ."

"ಸುಳ್ಳು. ಈಗ ಎಲ್ಲಾ ತಿಳೀತೈತಿ ಆಕಿಗೆ. ನಾ ಹೇಳೂದು ಬರೇ ನನ್ನ ಸಮಾಧಾನಕ್ಕ." ಕಾಕಾ ಆಕಿ ಕಡೆ ಹೊಳ್ಳಿದ್ರು. "ತಂಗಿ, ಮುಯ್ಯಿ ಎಂದೋ ತೀರೇತಿ. ಮುಯ್ಯಿ ತೀರಿದ ಮ್ಯಾಲೂ ಇನ್ನೊಬ್ಬರ ಹೊಲದಾಗ ದುಡದ್ರ ಅದಕ್ಕ ಮುಯ್ಯಾಳು ಅನ್ನಂಗಿಲ್ಲ, ಬಿಟ್ಟಿ ಅಂತಾರ. ನನ್ನ ಸಲುವಾಗಿ ನಿನ್ನ ಬಿಟ್ಟಿ ದುಡಿಸಿದೆ ಅಂತ ಅನಸಬ್ಯಾಡ. ಹೌದು ಅನ್ನು."

ಸರ್ ಹಳೇದರ ಮ್ಯಾಲೆ ಗೀಟು ಎಳದು, ಹೊಸದಾಗಿ ಬರದು, ಓದಿದ್ರು: ಸಾಲದ ಅರ್ಜಿ ತುಂಬೂದು, ಪಹಣಿ ತಾಳೆ ನೋಡೂದು, ಬಾಕಿ ತಗಿಯೂದು, ರೈತರಿಗೆ ತಿಳಿಸಿ ಹೇಳೂದು. ಮೂರನೇ ದರ್ಜೆ. "ಇದು ಖರೇ ಏನವಾ?"

ಆಕಿ ಕಾಕಾರನ್ನ ನೋಡಿದ್ಲು. ಅವರು ತಲಿ ಆಡಿಸಿದ್ರು. ಅದು ನಡಗಿದ್ದಲ್ಲ, ಬೇಕಂತ ಆಡಿಸಿದ್ದು.

"ಹೌದ್ರಿ" ಅಂದ್ಲು.

ಕಾಕಾರನ್ನ ಉಳಿಸಾಕ ಸರ್ ಹೊಸ ಒಂದು ಕಲಮು ಹಾಕಿದ್ರು: ಹೊಸಬರಿಗೆ ಕೆಲಸಾ ಕಲಿಸೂದೂ ಒಂದು ಕೆಲಸಾ, ಅದಕ್ಕೂ ಅಂಕ. ತಮ್ಮ ಪದ್ಧತಿಯೊಳಗ ಇಲ್ಲದ್ದನ್ನ ತಾವ ಹಾಕಿದ್ರು. ಮಂಡಳಿಯವರು ಅದನ್ನ ತಗದುಹಾಕಿದ್ರು. ಕಲಿಸೂದು ಯಾವಾಗಲೂ ನಡದ ಇರತೈತಿ, ಅದಕ್ಕ ಯಾಕ ಅಂಕ ಅಂತ. ಸಭೆಯೊಳಗ ಸರ್ ಮಾತಾಡಿದ್ರು, ನಾನೂ ಮಾತಾಡಿದೆ, ನನ್ನ ದನಿ ಹೆಚ್ಚಾತು ಅಂತ ಅಧ್ಯಕ್ಷರು ನೀರು ಕುಡೀರಿ ಅಂದ್ರು. ಕುಡೀಲಿಲ್ಲ. ಕೆಟ್ಟವರಲ್ಲ ಅವರೂ, ಕಲಘಟಗಿ ಮೆಟ್ಟಲಾ ಹತ್ತಿ ಅರ್ಧ ಗ್ಲಾಸ್ ಚಾ ನೋಡಿದವರಲ್ಲ, ಅಷ್ಟ. ಕಾಕಾರ ಹುದ್ದೆ ಹೆಚ್ಚುವರಿ ಆತು.

ಆಕಿ ಆರ್ಡರ್ ನಾನ ಒಯ್ದು ಕೊಡಬೇಕು ಅನಿಸ್ತು. ಟಪಾಲಿನ್ಯಾಗ ಕಳಸಾಕ ಮನಸಾಗಲಿಲ್ಲ. ಹೋದೆ. ಅದ ಬ್ರ್ಯಾಂಚು, ಅದ ಟೇಬಲ್ಲು, ಕಾಯಂ ಗುಮಾಸ್ತೆ ಅಂತ ಆಕಿಗೆ ಓದಿ ಹೇಳಿದೆ. ಎಲ್ಲಾರೂ ಚಪ್ಪಾಳಿ ಹೊಡದ್ರು, ಕ್ಯಾಶಿಯರ್ ಪೇಢೆ ತರಿಸಿದ. ಆಕಿ ನನ್ನ ಕಾಲು ಮುಟ್ಟಾಕ ಬಗ್ಗಿದ್ಲು, ನಾನು ಎಬ್ಬಿಸಿ ಕಾಕಾರ ಕಡೆ ದಬ್ಬಿದೆ. ಕಾಕಾ ಆಗಲೇ ಖುರ್ಚಿ ಬಿಟ್ಟು ಎದ್ದು ನಿಂತಿದ್ರು. "ಕೂಡು" ಅಂದ್ರು. ಆಕಿ ಒಲ್ಲೆ ಅಂದ್ಲು. "ಕೂಡವಾ, ನನಗ ನಿನ್ನ ಕಡೆಯಿಂದ ಒಂದು ಕೆಲಸಾ ಆಗಬೇಕಾಗೇತಿ" ಅಂದ್ರು. ಆಕಿ ಖುರ್ಚಿ ತುದೀ ಮ್ಯಾಲೆ ಕುಂತ್ಲು. ಕಾಕಾ ಸ್ಟೂಲಿನ ಮ್ಯಾಲೆ ಕೂಡಲಿಲ್ಲ, ರೈತರು ನಿಲ್ಲೂ ಕಡೆ ಹೋಗಿ ನಿಂತ್ರು.

"ಒಂದು ಅರ್ಜಿ ಬರೀಬೇಕು ತಂಗಿ. ಮ್ಯಾನೇಜರ್ ಸಾಹೇಬ್ರ ಮುಖಾಂತರ ಹೆಡ್ಡಾಫೀಸಿಗೆ."

ಆಕಿ ಬೆರಳು ರೂಢಿಯಂಗ ಕೀಲಿಮಣಿ ಮ್ಯಾಲೆ ಹೋದ್ವು. ಅವರು ತಮ್ಮ ಹೆಸರು ಹೇಳಿದ್ರು, ಹುದ್ದೆ ಹೇಳಿದ್ರು. "ನನ್ನ ಸೇವೆಯಿಂದ ಸ್ವಂತ ಖುಷಿಲೆ ನಿವೃತ್ತಿ ಕೊಡಬೇಕಂತ ಬೇಡಿಕೊಳ್ಳತೇನಿ" ಅಂದ್ರು. ಬೆರಳು ನಿಂತುಬಿಟ್ಟವು. ಹೊರಗ ಕಳಿಸಿದ್ರ ಎಲ್ಲೆಲ್ಲಿಗೋ ಹೋಗಿ ಮಂದಿ ಮುಂದ ಕೈ ಮುಚ್ಚಿಕೊಂಡು ಕೂಡೂಕಿಂತ ಇದು ಛಲೋ ಅಂತ ಅವರು ಮನ್ಯಾಗ ಮೊದಲ ಗೊತ್ತು ಮಾಡಿಕೊಂಡು ಬಂದಿದ್ರು.

"ಇದನ್ನ ನಾ ಬರಿಯಂಗಿಲ್ರಿ" ಅಂದ್ಲು ಆಕಿ.

"ಮತ್ಯಾರು ಬರೀತಾರ? ನನ್ನ ಕೈಲೆ ಆಗಂಗಿಲ್ಲ. ನೀನ ಇಲ್ಲಿ ಗುಮಾಸ್ತೆ." ಸಿಟ್ಟಿರಲಿಲ್ಲ ಅವರ ಮಾತಿನ್ಯಾಗ; ದಿನಾ ಹೇಳೂವಂಗ ಹೇಳಿದ್ರು. "ಹೂಂ, ಬರಿ. ಕಾರಣ ಅಂತ ಹಾಕು. ಕೈ ನಡಗತಾವ."

ನಾನು ಹೊಳ್ಳಿ ಕಿಟಕಿ ಕಡೆ ನಿಂತೆ. ನೋಡಾಕ ಆಗಲಿಲ್ಲ ನನಗ, ಅಳು ಬಂದ್ರ ಬರಲಿ ಅಂತ ಬಿಟ್ಟೆ. ಬೆನ್ನ ಹಿಂದ ಕೀಲಿ ಸಪ್ಪಳ ಬಂತು, ಒಂದೊಂದ, ಒಂದೊಂದ. ಅಷ್ಟು ಚುರುಕ ಬೆರಳಿನಾಕಿ ಅವತ್ತು ಒಂದೊಂದ ಅಕ್ಷರ ಹುಡಿಕಿ ಒತ್ತಾಕತ್ತಿದ್ಲು.